ಲ್ಯಾಸಿ ಮನೆಗೆ ಬಂದುದು ಹೇಗೆ?

ಸಂಜೆ ನಾಲ್ಕು ಗಂಟೆ, ಶಾಲೆ ಬಿಡುವ ಹೊತ್ತು. ಜೋ ಎಂಬ ಬಾಲಕ ಹೊರಬರುವ ವೇಳೆಗೆ ಸರಿಯಾಗಿ ಅವನ ನಾಯಿ ಲ್ಯಾಸಿ ದಿನವೂ ಶಾಲೆಯ ಬಳಿ ಕಾದಿರುತ್ತದೆ. ಬಡತನದಿಂದ ಕಂಗೆಟ್ಟ ತಂದೆ ಒಂದು ದಿನ ಆ ನಾಯಿಯನ್ನು ಸಿರಿವಂತನಾದ ಡ್ಯೂಕನೊಬ್ಬನಿಗೆ ಮಾರುತ್ತಾನೆ. ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಲ್ಯಾಸಿ ದೂರದ ಸ್ಕಾಟ್ಲೆಂಡಿಗೆ ಸಾಗಿಸಲ್ಪಡುತ್ತದೆ. ಅಲ್ಲಿಂದ ತಪ್ಪಿಸಿಕೊಂಡು, ಬೆಟ್ಟ ಹೊಳೆಗಳನ್ನು ದಾಟಿ, ನೂರಾರು ಕಿಲೋಮೀಟರು ನಡೆದು, ಕುಂಟುತ್ತ ಬಂದು, ಅದು ಮತ್ತೆ ಅದೇ ಶಾಲೆಯ ಮುಂದೆ ಬಾಲಕನಿಗಾಗಿ ಕಾಯುತ್ತದೆ.

ಇದು 1943ರಲ್ಲಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯವರು ಹೊರತಂದ 'ಲ್ಯಾಸಿ ಕಮ್ ಹೋಮ್' ಎಂಬ ವರ್ಣಚಿತ್ರದ ಕಥೆ. ಎರಿಕ್ ನೈಟ್ ಎಂಬ ಲೇಖಕನು 1940ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಆಧಾರ. ನಿರ್ದೇಶಕ ಫ್ರೆಡ್ ವಿಲ್ಕಾಕ್ಸ್. ಇದನ್ನು ನೋಡಿ ಕಣ್ಣೊರಸಿಕೊಳ್ಳದ ಮಕ್ಕಳು ವಿರಳ. ಆದರೆ ಕಣ್ಣೊರಸಿಕೊಂಡ ಬಳಿಕ ಒಂದು ಪ್ರಶ್ನೆ ಏಳಬೇಕಾದುದು ಸಹಜ: ದಾರಿ ತಿಳಿಯದ ಪ್ರಾಣಿಗೆ ಇಷ್ಟು ದೂರದಿಂದ ಮನೆಯನ್ನು ಹುಡುಕಿಕೊಂಡು ಬರುವುದು ಸಾಧ್ಯವೆ?

ಚಲನಚಿತ್ರವೇ ಇದಕ್ಕೆ ಸಾಕ್ಷಿಯಾಗಲಾರದು. ಹೆಣ್ಣುನಾಯಿ ಲ್ಯಾಸಿಯ ಪಾತ್ರವನ್ನು ವಹಿಸಿದುದು ಪಾಲ್ ಎಂಬ, ಚೆನ್ನಾಗಿ ತರಬೇತಿ ಪಡೆದ ಗಂಡುನಾಯಿ! ಅದು ನಡೆದುದು ಶಿಕ್ಷಕನ ಸನ್ನೆಯಂತೆ. ಆದರೆ ಚಿತ್ರ ಬರುವುದಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಅಮೆರಿಕೆಯಲ್ಲಿ ಇಂಥದೊಂದು ಘಟನೆ ನಡೆದಿದ್ದಿತು. 1923ರಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಒಡೆಯರಿಂದ ಅಗಲಿದ ಬಾಬಿ ಎಂಬ ನಾಯಿ, ಸುಮಾರು 4,000 ಕಿಲೋಮೀಟರು ಕ್ರಮಿಸಿ, 1924ರ ಫೆಬ್ರವರಿಯಲ್ಲಿ ಆರೆಗನ್ ಸಂಸ್ಥಾನದ ಸಿಲ್ವರ್ಟನ್ ಊರಿನ ತನ್ನ ಮನೆಯನ್ನು ಸೇರಿತು. ಆರು ತಿಂಗಳಲ್ಲಿ ಈ ದೂರವೆಂದರೆ ದಿನಕ್ಕೆ 22 ಕಿಲೋಮೀಟರಾಯಿತು. ಗಟ್ಟಿಮುಟ್ಟಾದ ನಾಯಿಯ ಕಾಲುಗಳಿಗೆ ಇದು ಅಸಾಧ್ಯವೇನಲ್ಲ. ಆದುದರಿಂದ ನಮ್ಮ ಪ್ರಶ್ನೆ ಕಾಲುಗಳದ್ದಲ್ಲ, ದಿಕ್ಕಿನದು.

ಮೂಗು ತೋರುವ ದಾರಿ

ನಾಯಿಯ ಘ್ರಾಣಶಕ್ತಿ ಸರ್ವವಿದಿತ. ನೆಲದ ಮೇಲೆ ಒಬ್ಬ ವ್ಯಕ್ತಿ ಇಟ್ಟ ಐದು ಹೆಜ್ಜೆಗಳನ್ನು ಮೂಸಿದರೆ ಸಾಕು, ಆತ ಯಾವ ಕಡೆಗೆ ಹೋದನೆಂಬುದನ್ನು ಪಳಗಿದ ನಾಯಿ ಗುರುತಿಸಬಲ್ಲುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಮೊದಲ ಹೆಜ್ಜೆಯ ವಾಸನೆಗಿಂತ ಐದನೆಯದು ಕ್ಷಣಮಾತ್ರ ಹೊಸದು. ಆ ಸೂಕ್ಷ್ಮ ವ್ಯತ್ಯಾಸವೇ ಅದಕ್ಕೆ ಬಾಣದ ಗುರುತು. ತಾನು ನಡೆದು ಬಂದ ದಾರಿಯನ್ನೇ ಮೂಸುತ್ತ ಹಿಂದಿರುಗುವುದೂ ಇದೇ ಬಲದಿಂದ. ಆದರೆ ಲ್ಯಾಸಿ ಸ್ಕಾಟ್ಲೆಂಡಿಗೆ ನಡೆದು ಹೋದುದಲ್ಲ; ಮೂಸಲು ಅದರ ಹೆಜ್ಜೆಗಳೇ ಇಲ್ಲ. ಗಾಳಿಯಲ್ಲಿ ತೇಲಿಬರುವ ವಾಸನೆಯಾದರೋ ದೂರ ಹೋದಂತೆ ಚದುರಿ ಕ್ಷೀಣಿಸುತ್ತದೆ. ಮನೆಯ ಸಮೀಪಕ್ಕೆ ಬಂದ ಮೇಲೆ ಮೂಗು ನೆರವಾದೀತು. ನೂರಾರು ಕಿಲೋಮೀಟರುಗಳಾಚೆ ಅದನ್ನು ನಂಬಲಾಗದು.

ಹೆಜ್ಜೆಗಳ ಲೆಕ್ಕ

ಎರಡನೆಯ ಉಪಾಯ ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಒಬ್ಬನು ಉತ್ತರಕ್ಕೆ 30 ಮೀಟರು, ಬಳಿಕ ಪೂರ್ವಕ್ಕೆ 40 ಮೀಟರು ನಡೆದನೆನ್ನಿ. ಹೊರಟ ಸ್ಥಳಕ್ಕೆ ನೇರವಾಗಿ ಮರಳಲು ಅವನು 70 ಮೀಟರು ನಡೆಯಬೇಕಾಗಿಲ್ಲ. ಕರ್ಣದ ಮೇಲೆ 50 ಮೀಟರು ಸಾಕು. ಇದು ಸದಿಶಗಳ ಸಂಕಲನ. ಫ್ರಾನ್ಸಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳಿಗೆ ಕಾಣದಂತೆ, ಕೇಳದಂತೆ ಮಾಡಿ, ಇಂಥ ಮೂಲೆ ತಿರುಗುವ ದಾರಿಯಲ್ಲಿ ನಡೆಸಿ ಬಿಟ್ಟರು. ಅವು ಬಂದ ದಾರಿಯನ್ನು ಹಿಡಿಯದೆ ಅಡ್ಡಹಾದಿಯಿಂದಲೇ ಆಹಾರವಿದ್ದ ಕಡೆಗೆ ಸಾಗಿದುವು. ಕಾಗದವಿಲ್ಲ, ಬಳಪವಿಲ್ಲ, ಒಡಲಿನ ಚಲನೆಯನ್ನೇ ಅಳತೆಗೋಲಾಗಿ ಮಾಡಿಕೊಂಡು ನಾಯಿ ಈ ಲೆಕ್ಕವನ್ನು ಬಿಡಿಸುತ್ತದೆ!

ಆದರೆ ಪ್ರತಿಯೊಂದು ಅಳತೆಯಲ್ಲಿಯೂ ಕಿಂಚಿತ್ ದೋಷವಿರುತ್ತದೆ. ದಾರಿ ಬೆಳೆದಂತೆ ದೋಷಗಳು ಕೂಡಿಕೊಳ್ಳುತ್ತವೆ. ಕೆಲವು ಹತ್ತು ಮೀಟರುಗಳಲ್ಲಿ ಸಲ್ಲುವ ಈ ಲೆಕ್ಕ ಎರಡು ನಾಡುಗಳ ನಡುವೆ ಸಲ್ಲಬೇಕಾದರೆ, ಹೊರಗಿನ ಯಾವುದೋ ಸ್ಥಿರವಾದ ಗುರುತು ಬೇಕು.

ಒಡಲೊಳಗಿನ ದಿಕ್ಸೂಚಿ

ಅಂಥ ಗುರುತು ಭೂಮಿಯ ಕಾಂತಕ್ಷೇತ್ರವಾಗಿರಬಹುದೆ? ಈ ಕ್ಷೇತ್ರ ಬಲು ದುರ್ಬಲ. ಸ್ಥಳದಿಂದ ಸ್ಥಳಕ್ಕೆ ಸುಮಾರು 25ರಿಂದ 65 ಮೈಕ್ರೊಟೆಸ್ಲಾ. ಆದರೂ ಕೆಲವು ವಲಸೆಹಕ್ಕಿಗಳು ಇದನ್ನು ಅರಿಯಬಲ್ಲವೆಂಬುದು ಸಿದ್ಧವಾಗಿದೆ. ನಾಯಿಗಳ ವಿಷಯದಲ್ಲಿ ಚೆಕ್ ದೇಶದ ವಿಜ್ಞಾನಿಗಳು 2020ರಲ್ಲಿ ಸ್ವಾರಸ್ಯಕರವಾದ ವರದಿಯೊಂದನ್ನು ಪ್ರಕಟಿಸಿದರು. ಅವರು 27 ಬೇಟೆನಾಯಿಗಳ ಕೊರಳಿಗೆ ಉಪಗ್ರಹಗಳ ನೆರವಿನಿಂದ ಸ್ಥಾನ ತಿಳಿಸುವ ಪಟ್ಟಿಗಳನ್ನು ಕಟ್ಟಿ ಕಾಡಿನಲ್ಲಿ ಬಿಟ್ಟು, ಆರುನೂರಕ್ಕೂ ಹೆಚ್ಚು ಸಲ ಅವುಗಳ ಓಡಾಟವನ್ನು ಗುರುತಿಸಿದರು. ಎಷ್ಟೋ ಸಲ ನಾಯಿಗಳು ಹೋದ ಹಾದಿಯನ್ನೇ ಮೂಸಿ ಮರಳಿದುವು. ಆದರೆ 223 ಸಲ ಅವು ಹೊಸ ಹಾದಿಯಿಂದ ಬಂದುವು. ಇವುಗಳ ಪೈಕಿ 170 ಸಲ, ಹೊರಡುವ ಮುನ್ನ, ಒಡೆಯನಿದ್ದ ದಿಕ್ಕು ಯಾವುದೇ ಇರಲಿ, ಸುಮಾರು 20 ಮೀಟರು ಉತ್ತರ-ದಕ್ಷಿಣ ರೇಖೆಯಲ್ಲಿ ಓಡಿ ಅನಂತರ ತಿರುಗಿದುವು! ಹೀಗೆ ಓಡಿದಾಗ ಅವುಗಳ ಮರುಪಯಣವೂ ಹೆಚ್ಚು ನೇರವಾಗಿದ್ದಿತು.

ಈ ಓಟದ ಅರ್ಥವೇನು? ಭೂಪಟವನ್ನು ಬಿಡಿಸಿದವನು ಮೊದಲು ದಿಕ್ಸೂಚಿಗೆ ಸರಿಯಾಗಿ ಅದನ್ನು ತಿರುಗಿಸಿಕೊಳ್ಳುವುದಿಲ್ಲವೆ? ನಾಯಿಯೂ ತನ್ನ ಮನಸ್ಸಿನ ಪಟವನ್ನು ಹಾಗೆಯೇ ಹೊಂದಿಸಿಕೊಳ್ಳುತ್ತಿರಬಹುದೆಂಬುದು ಆ ಸಂಶೋಧಕರ ಊಹೆ. ನಾಯಿಯ ಕಣ್ಣಿನ ಅಕ್ಷಿಪಟಲದಲ್ಲಿ ಕ್ರಿಪ್ಟೋಕ್ರೋಮ್ ಎಂಬ, ಬೆಳಕಿಗೆ ಸ್ಪಂದಿಸುವ ಪ್ರೋಟೀನು ಇರುವುದು 2016ರಲ್ಲಿ ಕಂಡುಬಂದಿದೆ. ಹಕ್ಕಿಗಳ ಕಾಂತಸಂವೇದನೆಗೆ ಇದೇ ಜಾತಿಯ ಪ್ರೋಟೀನು ಕಾರಣವಿರಬಹುದೆಂದು ಅನೇಕರು ಭಾವಿಸುತ್ತಾರೆ. ನಾಯಿಯಲ್ಲಿಯೂ ಅದು ಇದೇ ಕಾರ್ಯವನ್ನು ಮಾಡುವುದೆಂದು ಇನ್ನೂ ಸಿದ್ಧವಾಗಿಲ್ಲ.

ಆದರೆ ದಿಕ್ಸೂಚಿಯೊಂದೇ ಸಾಲದು. 500 ಕಿಲೋಮೀಟರುಗಳ ಪಯಣದಲ್ಲಿ ದಿಕ್ಕು ಕೇವಲ 5 ಡಿಗ್ರಿ ತಪ್ಪಿದರೂ ನಾಯಿ ಮನೆಯಿಂದ ಸುಮಾರು 44 ಕಿಲೋಮೀಟರು ಆಚೆಗೆ ಹೋಗಿರುತ್ತದೆ. ಮೇಲಾಗಿ, ಉತ್ತರ ಯಾವುದೆಂದು ತಿಳಿದರೂ 'ಮನೆ ಯಾವ ಕಡೆಗಿದೆ' ಎಂಬುದನ್ನು ಸೂಜಿ ಹೇಳಲಾರದು. ಕಾಡಿನ ನಾಯಿಗಳು ತಾವೇ ಓಡಿಹೋದ ದಾರಿಯ ಲೆಕ್ಕವನ್ನು ಹೊಂದಿದ್ದುವು. ಲ್ಯಾಸಿಗೆ ಅದೂ ಇರಲಿಲ್ಲ.

ಮರಳದವುಗಳ ಕಥೆ

ಹಾಗಾದರೆ ಬಾಬಿ ಬಂದುದು ಹೇಗೆ? ಇಲ್ಲಿ ಗಣಿತದ ಮಾತೊಂದನ್ನು ನೆನೆಯಬೇಕು. ಮನೆಯಿಂದ 100 ಕಿಲೋಮೀಟರು ದೂರದಲ್ಲಿ ಸಾವಿರ ನಾಯಿಗಳು ತಪ್ಪಿಹೋಗಿ, ಒಂದೊಂದೂ ಮನಬಂದ ದಿಕ್ಕಿಗೆ ನೇರವಾಗಿ ನಡೆದುವೆಂದು ಭಾವಿಸೋಣ. 100 ಕಿಲೋಮೀಟರು ತ್ರಿಜ್ಯದ ವೃತ್ತದ ಪರಿಧಿ ಸುಮಾರು 628 ಕಿಲೋಮೀಟರು. ಇದರಲ್ಲಿ ಮನೆಯ ಎರಡು ಬದಿಗೆ ಐದೈದರಂತೆ 10 ಕಿಲೋಮೀಟರುಗಳನ್ನು ತೆಗೆದುಕೊಂಡರೆ, ಯಾವ ದಿಕ್ಸೂಚಿಯೂ ಇಲ್ಲದೆ ಸುಮಾರು 16 ನಾಯಿಗಳು ಪರಿಚಿತ ಪ್ರದೇಶಕ್ಕೆ ಬಂದೇ ಬರುತ್ತವೆ! ಆ ಹದಿನಾರರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಉಳಿದ 984ರ ಕಥೆಯನ್ನು ಬರೆಯುವವರಾರು? ಹೀಗೆ ಗೆದ್ದವರನ್ನು ಮಾತ್ರ ಎಣಿಸಿ ತೀರ್ಮಾನಕ್ಕೆ ಬರುವುದು ವಿಜ್ಞಾನದಲ್ಲಿ ದೊಡ್ಡ ದೋಷ. ಬಾಬಿಯ ಘಟನೆ ನಿಜ. ಆದರೆ ಅದೊಂದರಿಂದ ಎಲ್ಲ ನಾಯಿಗಳಿಗೂ ದಾರಿ ತಿಳಿದಿದೆಯೆಂದು ಸಾಧಿಸಲಾಗದು.

ಇದರಿಂದ ನಾಯಿಯ ಪ್ರೀತಿಗೆ ಕುಂದೇನೂ ಬರುವುದಿಲ್ಲ. ನಾಯಿ ಮತ್ತು ಒಡೆಯರು ಪರಸ್ಪರ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುವುದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ-ಮಗುವಿನ ಬಾಂಧವ್ಯದಲ್ಲಿಯೂ ಪಾತ್ರ ವಹಿಸುವ ಹಾರ್ಮೋನು ಇದೇ. ಹೊರಡುವ ಬಯಕೆಯನ್ನು ಪ್ರೀತಿ ಕೊಟ್ಟೀತು. ದಾರಿಯನ್ನು ಮಾತ್ರ ಅದು ತೋರಿಸಲಾರದು.

ಆದುದರಿಂದ ಚಿತ್ರವನ್ನು ನೋಡಿ ಆನಂದಿಸೋಣ. ಆದರೆ ಕಾಣೆಯಾದ ನಮ್ಮ ನಾಯಿ ತಾನೇ ಬಂದೀತೆಂದು ಕೈಕಟ್ಟಿ ಕೂರದಿರೋಣ. 'ಎಲ್ಲಿ ಬಿಟ್ಟರೂ ದಾರಿ ಗೊತ್ತು' ಎಂದು ಊರಾಚೆ ನಾಯಿಯನ್ನು ಬಿಟ್ಟುಬರುವವರು ಆ 984ನ್ನು ನೆನೆಯಲಿ. ಕೊರಳಪಟ್ಟಿಯ ಮೇಲೆ ಬರೆದ ಒಂದು ದೂರವಾಣಿ ಸಂಖ್ಯೆ ಯಾವ ಕಾಂತಕ್ಷೇತ್ರಕ್ಕಿಂತಲೂ ನಂಬತಕ್ಕ ದಿಕ್ಸೂಚಿ. ಲ್ಯಾಸಿ ಜೋನನ್ನು ಹುಡುಕಿಕೊಂಡು ಬಂದಿತು, ನಿಜ. ನಮ್ಮ ನಾಯಿ ತಪ್ಪಿಹೋದ ದಿನ, ಹುಡುಕಿಕೊಂಡು ಹೋಗಬೇಕಾದವರು ನಾವು.