ಕಡಲಿಲ್ಲದ ಸೀಮೆಯ ಕಡಲಬಂಧು

(ದೃಶ್ಯ: ಹೊನ್ನಾಳಿಯ ಬಳಿ ತುಂಗಭದ್ರೆ, ಮುಂಜಾವು)

ಕಡಲಂಚಿನ ಬಂಡೆಯ ಮೇಲೆ ನಿಂತು, ಅಲೆಗಳ ಮೇಲೆ ತೇಲುವ ಹಕ್ಕಿಗಳನ್ನು ಕಣ್ತುಂಬ ನೋಡಬೇಕೆಂಬ ಹಂಬಲ ಸಮುದ್ರದಿಂದ ದೂರದ ನ್ಯಾಮತಿಯವರಿಗೂ ಉಂಟಾದರೆ, ಅದನ್ನು ತಣಿಸುವ ಭಾಗ್ಯವನ್ನು ನಮ್ಮ ನದಿಯೇ ಕಾದಿರಿಸಿದೆ. ಆ ಭಾಗ್ಯದ ಹೆಸರು ರೀವ, ಅಂದರೆ ರಿವರ್ ಟರ್ನ್ ಹಕ್ಕಿ.

(ದೃಶ್ಯ: ಹಕ್ಕಿ, ತೀರ ಸಮೀಪದಿಂದ)

ಕರಿಯ ಟೊಪ್ಪಿಗೆ, ಹೊಂಬಣ್ಣದ ಕೊಕ್ಕು, ಬೂದುರೆಕ್ಕೆ, ಕವಲೊಡೆದ ನೀಳಬಾಲ. ಕಡಲ ರೀವಗಳ ಕುಲದಲ್ಲಿಯೇ ಜನಿಸಿ ಸಿಹಿನೀರನ್ನು ವರಿಸಿದ ಈ ಪಕ್ಷಿ, ನೀರಿನ ಮೇಲೆ ಹಾರುತ್ತ, ಕೊಕ್ಕನ್ನು ಕೆಳಗೆ ಬಾಗಿಸಿ, ಮೀನು ಕಂಡೊಡನೆ ರೆಕ್ಕೆ ಮಡಚಿ ಕಲ್ಲಿನಂತೆ ಧುಮುಕುತ್ತದೆ.

(ದೃಶ್ಯ: ಭದ್ರಾ ಜಲಾಶಯದ ನಡುಗಡ್ಡೆ)

ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಗೆ ಲಕ್ಕವಳ್ಳಿಯ ಬಳಿ ಕಟ್ಟಿರುವ ಜಲಾಶಯದಲ್ಲಿ, ಬೇಸಗೆಗೆ ನೀರಿಳಿದು ನಡುಗಡ್ಡೆಗಳು ತಲೆಯೆತ್ತಿದಾಗ, ರೀವಗಳು ಹಿಂಡುಹಿಂಡಾಗಿ ನೆರೆದು, ಕಡ್ಡಿಯ ಗೂಡನ್ನು ಹೆಣೆಯದೆ, ಬರಿನೆಲದ ತಗ್ಗಿನಲ್ಲಿಯೇ ಮಣ್ಣಿನ ಬಣ್ಣದ, ಚುಕ್ಕೆಗಳುಳ್ಳ ಎರಡು ಮೂರು ಮೊಟ್ಟೆಗಳನ್ನಿಡುತ್ತವೆ.

(ದೃಶ್ಯ: ದೋಣಿಯಲ್ಲಿ ಕ್ಯಾಮೆರಾ ಹಿಡಿದ ಕೈ)

ಈ ಹಕ್ಕಿಯ ಚಿತ್ರ ತೆಗೆಯಬೇಕೆಂದರೆ, ಸೂರ್ಯನನ್ನು ಬೆನ್ನಿಗಿರಿಸಿಕೊಂಡು, ಶಟರ್ ವೇಗವನ್ನು 1/2000 ಸೆಕೆಂಡಿಗೆ ಹೊಂದಿಸಿ, ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ನೆಟ್ಟು, ದೂರದಿಂದಲೇ ಕಾಯಿರಿ. ದೋಣಿ ಸಮೀಪಿಸಿ ತಾಯಿಹಕ್ಕಿ ಬೆದರಿ ಎದ್ದರೆ, ಮೊಟ್ಟೆಗಳು ಬಿಸಿಲಿಗೆ ಬೆಂದಾವು, ಇಲ್ಲವೆ ಕಾಗೆಯ ಪಾಲಾದಾವು.

(ದೃಶ್ಯ: ಹಾರಿಹೋಗುವ ಹಿಂಡು)

ಪ್ರಪಂಚದಲ್ಲಿ ಸಂಖ್ಯೆ ಕುಗ್ಗುತ್ತಿರುವ ಈ ನದೀಪುತ್ರಿಯ ಚಿತ್ರವನ್ನು ಮನೆಗೆ ತನ್ನಿರಿ. ಅವಳ ನೆಮ್ಮದಿಯನ್ನು ಮಾತ್ರ ನಡುಗಡ್ಡೆಯಲ್ಲಿಯೇ ಉಳಿಸಿ ಬನ್ನಿರಿ.