ಕಿರುಚಾಟದ ಕೆಳಗೆ ಒಂದು ಹಾಡಿದೆ

ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತವರ ಇಯರ್‌ಫೋನ್‌ನಿಂದ ಗರಗಸ ಎಳೆದ ಹಾಗೆ ಸದ್ದು ಸೋರ್ತಾ ಇದ್ದರೆ ಅವರನ್ನು ವಿಚಿತ್ರವಾಗಿ ನೋಡಬೇಡಿ. ಅದು ನಾನೇ ಇರಬಹುದು. ನಾನು ಕೇಳೋ ಸಂಗೀತಕ್ಕೆ ಮೆಲೊಡಿಕ್ ಡೆತ್ ಮೆಟಲ್ ಅಂತ ಹೆಸರು. ನಮ್ಮಮ್ಮ ಇಟ್ಟಿರೋ ಹೆಸರು 'ಆ ರಾಕ್ಷಸರ ಹಾಡು'.

ಅಮ್ಮನ ಮಾತಲ್ಲಿ ಪೂರ್ತಿ ತಪ್ಪೇನಿಲ್ಲ. ಹಾಡುವವನು ಹಾಡಲ್ಲ, ಘರ್ಜಿಸ್ತಾನೆ. ಡ್ರಮ್ಸ್ ನಿಲ್ಲೋದೇ ಇಲ್ಲ. ಆದರೆ ಹೆಸರಿನ ಮೊದಲ ಪದ ನೋಡಿ, ಮೆಲೊಡಿಕ್. ಆ ಗಲಾಟೆಯ ಒಳಗೆ ಗುನುಗಬಹುದಾದ ಒಂದು ರಾಗ ಇರುತ್ತೆ. ನನಗೆ ಅದನ್ನು ತೋರಿಸಿಕೊಟ್ಟವನು ಇಂಜಿನಿಯರಿಂಗ್ ಹಾಸ್ಟೆಲ್‌ನ ರೂಂಮೇಟ್. ಒಂದು ಇಯರ್‌ಫೋನ್ ತನ್ನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಸಿಕ್ಕಿಸಿ, "ದನಿ ಬಿಟ್ಟುಬಿಡೋ, ಗಿಟಾರ್ ಮಾತ್ರ ಕೇಳು" ಅಂದಿದ್ದ. ಈಗಲೂ ಹೊಸಬರಿಗೆ ನಾನು ಕೊಡೋ ಸಲಹೆ ಅದೊಂದೇ.

ಈ ಸಂಗೀತ ರೂಪ ಪಡೆದದ್ದು ಸ್ವೀಡನ್ನಿನ ಬಂದರು ನಗರ ಗೋಥೆನ್‌ಬರ್ಗ್‌ನಲ್ಲಿ, ತೊಂಬತ್ತರ ದಶಕದಲ್ಲಿ. ರಾಜಧಾನಿ ಸ್ಟಾಕ್‌ಹೋಮ್‌ನ ಹುಡುಗರು ಆಗಲೇ ಕೆಸರಿನಂಥ ಭಾರೀ ಸದ್ದಿನ ಡೆತ್ ಮೆಟಲ್ ಮಾಡ್ತಾ ಇದ್ದರು. ಗೋಥೆನ್‌ಬರ್ಗ್‌ನವರು ಅದೇ ಸಿಟ್ಟಿಗೆ ರಾಗ ಸೇರಿಸಿದರು. 1995ರಲ್ಲಿ ಆ್ಯಟ್ ದ ಗೇಟ್ಸ್‌ನ 'ಸ್ಲಾಟರ್ ಆಫ್ ದ ಸೋಲ್', ಅದೇ ವರ್ಷ ಡಾರ್ಕ್ ಟ್ರಾಂಕ್ವಿಲಿಟಿಯ 'ದ ಗ್ಯಾಲರಿ', 1996ರಲ್ಲಿ ಇನ್ ಫ್ಲೇಮ್ಸ್‌ನ 'ದ ಜೆಸ್ಟರ್ ರೇಸ್'. ಮೂರೂ ಒಂದೇ ಊರಿನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ತಯಾರಾದವು. ಎಷ್ಟು ಚಿಕ್ಕ ಪ್ರಪಂಚ ಅಂದರೆ, ಡಾರ್ಕ್ ಟ್ರಾಂಕ್ವಿಲಿಟಿಯ ಮಿಕಾಯೆಲ್ ಸ್ಟಾನೆ ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂಗೆ ದನಿ ಕೊಟ್ಟಿದ್ದಾರೆ. ಇನ್ ಫ್ಲೇಮ್ಸ್‌ನ ಆಂಡರ್ಸ್ ಫ್ರಿಡೆನ್ ಡಾರ್ಕ್ ಟ್ರಾಂಕ್ವಿಲಿಟಿಯ ಮೊದಲ ಆಲ್ಬಂನಲ್ಲಿ ಹಾಡಿದ್ದಾರೆ. ಪಕ್ಕದ ಮನೆಯವರು ಸಕ್ಕರೆ ಡಬ್ಬಿ ಬದಲಾಯಿಸಿಕೊಂಡ ಹಾಗೆ.

ಗಿಟಾರ್ ಕೇಳಿ ಅಂದೆನಲ್ಲ, ಅಲ್ಲಿ ಕೇಳಬೇಕಾದ್ದು ಏನು? ಎರಡು ಗಿಟಾರ್. ಎರಡೂ ಒಂದೇ ರಾಗವನ್ನು ಜೊತೆಯಾಗಿ ನುಡಿಸುತ್ತವೆ, ಆದರೆ ಒಂದು ಇನ್ನೊಂದಕ್ಕಿಂತ ಕೆಲವು ಸ್ವರ ಮೇಲೆ. ಈ ಜೋಡಿನಡಿಗೆ ಬಂದದ್ದು ಐರನ್ ಮೇಡನ್ ಥರದ ಹಳೇ ಬ್ಯಾಂಡ್‌ಗಳಿಂದ. ಜೊತೆಗೆ ಸ್ವೀಡನ್ನಿನ ಜಾನಪದವೂ ಸೇರಿತು. ಇನ್ ಫ್ಲೇಮ್ಸ್‌ನ ಮೊದಲ ಆಲ್ಬಂನಲ್ಲಿ ಹೋರ್ಗಾ ಎಂಬ ಹಳ್ಳಿಯ ಒಂದು ಜನಪದ ಧಾಟಿಯೇ ಇದೆ. ಅದರ ಹಿಂದಿನ ಕಥೆ ಮಜವಾಗಿದೆ: ಸೈತಾನ ಪಿಟೀಲುಗಾರನಾಗಿ ಬಂದು ಊರಿನ ಹುಡುಗ ಹುಡುಗಿಯರನ್ನು ಸಾಯೋವರೆಗೂ ಕುಣಿಸಿದನಂತೆ. ಮೆಟಲ್‌ಗೆ ಇದಕ್ಕಿಂತ ಒಳ್ಳೇ ಅಜ್ಜಿಕಥೆ ಬೇಕಾ?

ದಯವಿಟ್ಟು ಇದನ್ನು ಫೋನ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಸಾಮಾನ್ಯವಾಗಿ ಒಂದು ಗಿಟಾರನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟಿರ್ತಾರೆ. ಸ್ಪೀಕರ್‌ನಲ್ಲಿ ಎರಡೂ ಕಲಸಿಹೋಗಿ ಮಿಕ್ಸಿ ಸದ್ದು ಉಳಿಯುತ್ತೆ. ನಮ್ಮಮ್ಮ ಕೇಳಿರೋದು ಅದನ್ನೇ.

ಇನ್ನು ದನಿ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರೋ ಮುಂಚೆ ಆರ್ಭಟ ಕೊಡುತ್ತಲ್ಲ, ಅದನ್ನು ಯಾರಾದರೂ ಅಪಸ್ವರ ಅಂತಾರಾ? ಇದನ್ನೂ ಹಾಗೆ ಕೇಳಿ. ಗಂಟಲು ಹರಿದುಕೊಂಡು ಅರಚಿದರೆ ಒಂದು ವಾರದಲ್ಲಿ ದನಿ ಹೋಗುತ್ತೆ. ಇವರು ಉಸಿರನ್ನು ಹೊಟ್ಟೆಯಿಂದ ತಂದು, ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನೂ ಕಂಪಿಸುವ ಹಾಗೆ ಅಭ್ಯಾಸ ಮಾಡಿರ್ತಾರೆ. ಸ್ಟಾನೆ ಐವತ್ತು ದಾಟಿದ ಮೇಲೂ ಹಾಗೆ ಹಾಡ್ತಾ ಇದ್ದಾರೆ ಅಂದರೆ ಅದು ಬರೀ ಅರಚಾಟ ಆಗಿರೋಕೆ ಸಾಧ್ಯವಿಲ್ಲ. ದನಿ ತಾಳವನ್ನು ಹೊತ್ತುಕೊಳ್ಳುತ್ತೆ, ಹಾಡೋ ಕೆಲಸ ಗಿಟಾರ್‌ಗೆ.

ಈಚಿನ ಆಲ್ಬಂಗಳ ವಿಷಯಕ್ಕೆ ಬರೋಣ. ಕಥೆ ಇಷ್ಟಪಡೋರು ಫಿನ್ಲೆಂಡ್‌ನ ಇನ್ಸೋಮ್ನಿಯಂ ಬ್ಯಾಂಡಿನ 'ಅನ್ನೋ 1696'ರಿಂದ ಶುರುಮಾಡಿ. 2023ರದು. ಬ್ಯಾಂಡಿನ ಗಾಯಕ ನೀಲೊ ಸೆವಾನೆನ್ ತಾವೇ ಬರೆದ ಕಥೆಯ ಮೇಲೆ ಕಟ್ಟಿದ ಆಲ್ಬಂ. ಆ ಕಾಲದಲ್ಲಿ ಫಿನ್ಲೆಂಡ್‌ನಲ್ಲಿ ಘೋರ ಬರಗಾಲ. 1695ರಿಂದ 1697ರವರೆಗೆ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಅಳಿಸಿಹೋಯಿತು ಅನ್ನೋ ಅಂದಾಜಿದೆ. ಹಸಿವು, ಹಿಮ, ಮಾಟಗಾತಿಯರೆಂದು ಹೆಣ್ಣುಮಕ್ಕಳ ಬೇಟೆ, ಎಲ್ಲ ಇದರಲ್ಲಿದೆ. 'ಗಾಡ್‌ಫರ್ಸೇಕನ್' ಹಾಡಿನಲ್ಲಿ ಯೊಹಾನ್ನಾ ಕುರ್ಕೆಲಾ ಅವರ ತಣ್ಣನೆಯ ಹೆಣ್ಣುದನಿ ಬರುತ್ತೆ. ಘರ್ಜನೆಯ ಪಕ್ಕದಲ್ಲಿ ಅದು ಬಂದಾಗ ಕೈಯಲ್ಲಿರೋ ಕೆಲಸ ನಿಂತುಹೋಗುತ್ತೆ. ರಾತ್ರಿ ದೀಪ ಆರಿಸಿ ಕೇಳಿ, ಆಫೀಸ್ ಮೀಟಿಂಗ್‌ಗಳ ನಡುವೆ ಬೇಡ.

ಇನ್ ಫ್ಲೇಮ್ಸ್‌ನ 'ಫೋರ್‌ಗಾನ್' ಕೂಡ 2023ರದು. ಮಧ್ಯೆ ಹಲವು ವರ್ಷ ಬೇರೆ ದಾರಿ ಹಿಡಿದಿದ್ದವರು ಹಳೇ ಮನೆ ಕಡೆ ತಿರುಗಿದ ಹಾಗಿದೆ. ದ ಹೇಲೋ ಎಫೆಕ್ಟ್ ಇನ್ನೊಂದು ತಮಾಷೆ. ಸ್ಟಾನೆ ಸೇರಿದಂತೆ ಐವರೂ ಒಂದಲ್ಲ ಒಂದು ಕಾಲದಲ್ಲಿ ಇನ್ ಫ್ಲೇಮ್ಸ್‌ ಜೊತೆ ನುಡಿಸಿದವರೇ. 2022ರ 'ಡೇಸ್ ಆಫ್ ದ ಲಾಸ್ಟ್' ನನಗೆ ತುಂಬಾ ಇಷ್ಟ. 2025ರ 'ಮಾರ್ಚ್ ಆಫ್ ದ ಅನ್‌ಹರ್ಡ್' ಅಷ್ಟು ಹಿಡಿಸಲಿಲ್ಲ. ಚೆನ್ನಾಗಿದೆ, ಆದರೆ ಎಲ್ಲ ತುಂಬಾ ನೀಟು. ಈಗಿನ ಆಲ್ಬಂಗಳ ಬಗ್ಗೆ ನನ್ನ ತಕರಾರೇ ಅದು. ಡ್ರಮ್ಸ್ ಟೈಪ್‌ರೈಟರ್ ಕುಟ್ಟಿದ ಹಾಗೆ ಕೇಳುತ್ತೆ, ಎಲ್ಲೂ ಧೂಳಿಲ್ಲ. 'ಸ್ಲಾಟರ್ ಆಫ್ ದ ಸೋಲ್' ಸುಮಾರು 34 ನಿಮಿಷದ್ದು. ಒಂದು ಟ್ರಾಫಿಕ್ ಜಾಮ್‌ನಲ್ಲಿ ಮುಗಿದುಹೋಗುತ್ತೆ, ಆದರೆ ಕಿವಿಯಲ್ಲಿ ಮರಳು ಉಳಿಯುತ್ತೆ. ಆ ಆಲ್ಬಂನ ದನಿ ಥೋಮಸ್ ಲಿಂಡ್‌ಬರ್ಗ್ 2025ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 52 ವರ್ಷ.

ಈ ಸಂಗೀತಕ್ಕೂ ವಯಸ್ಸಾಗಿದೆ. ಅದು ಹೊಸ ಆಲ್ಬಂಗಳನ್ನು ಕೆಡಿಸಿಲ್ಲ ಅಂತ ನನಗನ್ನಿಸಿದ್ದು ಡಾರ್ಕ್ ಟ್ರಾಂಕ್ವಿಲಿಟಿಯ 'ಎಂಡ್‌ಟೈಮ್ ಸಿಗ್ನಲ್ಸ್' ಕೇಳಿದಾಗ. ಅದು ಬಂದದ್ದು 2024ರ ಆಗಸ್ಟ್ 16ರಂದು, ವರಮಹಾಲಕ್ಷ್ಮಿ ಹಬ್ಬದ ದಿನ. ಮನೆ ತುಂಬ ನೆಂಟರು. ಒಬ್ಬಟ್ಟು ತಿಂದು, ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಚೇರ್ ಹಾಕಿ, ಸಂಜೆ ಇಯರ್‌ಫೋನ್ ಹಿಡಿದು ಟೆರೇಸ್‌ಗೆ ಹೋದೆ.

ಅದರಲ್ಲಿ 'ಒನ್ ಆಫ್ ಅಸ್ ಈಸ್ ಗಾನ್' ಅಂತ ಒಂದು ಹಾಡಿದೆ. ನಮ್ಮಲ್ಲೊಬ್ಬ ಇಲ್ಲ. 'ದ ಗ್ಯಾಲರಿ'ಯಲ್ಲಿ ಗಿಟಾರ್ ನುಡಿಸಿದ್ದ ಫ್ರೆಡ್ರಿಕ್ ಯೋಹಾನ್ಸನ್ 2022ರಲ್ಲಿ ತೀರಿಕೊಂಡರು, ಅವರ ನೆನಪಿಗೆ. ಇಲ್ಲಿ ಸ್ಟಾನೆ ಘರ್ಜಿಸೋದಿಲ್ಲ, ಹಾಡ್ತಾರೆ. ಅಷ್ಟು ಹೊತ್ತು ಗಿಟಾರ್ ಹೊತ್ತುಕೊಂಡಿದ್ದ ಕೆಲಸವನ್ನು ದನಿ ತೆಗೆದುಕೊಂಡ ಹಾಗೆ. ಸುತ್ತ ಅಷ್ಟೊಂದು ಆರ್ಭಟ ಇದ್ದುದಕ್ಕೇ ಆ ಮೆತ್ತಗಿನ ದನಿ ಅಷ್ಟು ಆಳಕ್ಕೆ ಇಳಿಯಿತು.

ನನ್ನ ರೂಂಮೇಟ್ ಹೋಗಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ. ಕೊನೆಗೆ ಹೋಗಿ ನೋಡೋಕೂ ಆಗಲಿಲ್ಲ. ನಾವು ನಾಲ್ಕು ಜನರ ವಾಟ್ಸಾಪ್ ಗ್ರೂಪ್‌ನಲ್ಲಿ ಅವನ ನಂಬರ್ ಇನ್ನೂ ಇದೆ, ತೆಗೆಯೋಕೆ ಯಾರಿಗೂ ಮನಸ್ಸಿಲ್ಲ. ಆ ಮೂರು ವರ್ಷದಲ್ಲಿ ನಾನು ಅವನ ಬಗ್ಗೆ ಅತ್ತಿರಲಿಲ್ಲ. ಕೆಲಸ, ಡೆಡ್‌ಲೈನ್, ಇಎಂಐ, ಗೊತ್ತಲ್ಲ. ಅವತ್ತು ಟೆರೇಸ್ ಮೇಲೆ, ನೀರಿನ ಟ್ಯಾಂಕಿಗೆ ಒರಗಿಕೊಂಡು, ಅತ್ತೆ.

ಒಣಗಿದ ಬಟ್ಟೆ ತೆಗೆಯೋಕೆ ಬಂದ ಅಮ್ಮ ನನ್ನ ಮುಖ ನೋಡಿ ಗಾಬರಿಯಾದರು. ಹೇಳೋಕೆ ಏನೂ ತೋಚದೆ ಒಂದು ಇಯರ್‌ಫೋನ್ ಅವರ ಕಿವಿಗೆ ಸಿಕ್ಕಿಸಿದೆ. ಪೂರ್ತಿ ಹಾಡು ನಿಂತುಕೊಂಡೇ ಕೇಳಿದರು. ಆಮೇಲೆ, "ಇವನಿಗೆ ಹಾಡೋಕೆ ಬರುತ್ತಲ್ಲೋ, ಮತ್ಯಾಕೆ ಹಾಗೆ ಕಿರುಚ್ತಾನೆ?" ಅಂದರು.

ಕೆಳಗೆ ಹೋಗೋ ಮುಂಚೆ ಲಿಂಕನ್ನು ಗ್ರೂಪ್‌ಗೆ ಹಾಕಿದೆ. ಎರಡು ನೀಲಿ ಟಿಕ್ ಬರಲೇ ಇಲ್ಲ. ನಾಲ್ಕೂ ಜನ ನೋಡಿದರೆ ತಾನೇ ನೀಲಿ ಆಗೋದು. ಆದರೆ ಇಬ್ಬರ ಉತ್ತರ ಹತ್ತೇ ನಿಮಿಷದಲ್ಲಿ ಬಂತು.