ಎಂಜಿನ್ ಆಯಿಲ್ ಕೂಲರ್ ಬದಲಾವಣೆ

ಎಂಜಿನ್ ಆಯಿಲ್ ಕೂಲರ್ ಎಂಬುದು ವಾಹನದ ಎಂಜಿನ್ನಿನಲ್ಲಿ ಹರಿಯುವ ಎಣ್ಣೆಯ ಶಾಖವನ್ನು ತಗ್ಗಿಸುವ ಉಪಕರಣ. ಗಾಳಿಯಿಂದ ತಣಿಯುವುದು ಮತ್ತು ಕೂಲೆಂಟ್ ದ್ರವದಿಂದ ತಣಿಯುವುದು ಎಂದು ಇದರಲ್ಲಿ ಎರಡು ವಿಧಗಳಿವೆ. ಡೀಸೆಲ್ ಕಾರುಗಳಲ್ಲಿ ಎರಡನೆಯ ವಿಧವು ಸಾಮಾನ್ಯವಾಗಿದ್ದು, ಹೆಚ್ಚಾಗಿ ಆಯಿಲ್ ಫಿಲ್ಟರಿನ ಬಳಿ ಇರುತ್ತದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು ಬಿಸಿಲಿನ ಬಯಲುಸೀಮೆಗೆ ಸೇರಿವೆ. ಇಂತಹ ಪ್ರದೇಶದಲ್ಲಿ ಬೇಸಿಗೆಯಲ್ಲಿ ಭಾರ ಹೊತ್ತು ದೂರ ಸಾಗುವ ವಾಹನದ ಎಣ್ಣೆಯು ಅತಿಯಾಗಿ ಬಿಸಿಯಾದರೆ ತೆಳುವಾಗಿ, ಬೇರಿಂಗುಗಳನ್ನು ರಕ್ಷಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ದೋಷದ ಲಕ್ಷಣಗಳು

ಕೂಲರಿನ ಒಳಭಾಗವು ಬಿರುಕು ಬಿಟ್ಟಾಗ, ಚಾಲನೆಯಲ್ಲಿ ಒತ್ತಡ ಹೆಚ್ಚಿರುವ ಎಣ್ಣೆಯು ಕೂಲೆಂಟಿಗೆ ಸೇರುತ್ತದೆ. ಕೂಲೆಂಟ್ ತೊಟ್ಟಿಯಲ್ಲಿ ಕಂದು ಬಣ್ಣದ ಕೆನೆಯಂತಹ ಜಿಡ್ಡು ಕಾಣಿಸುವುದು ಇದರ ಮುಖ್ಯ ಸೂಚನೆ. ಹೆಡ್ ಗ್ಯಾಸ್ಕೆಟ್ ಕೆಟ್ಟಾಗಲೂ ಇದೇ ಲಕ್ಷಣ ಕಾಣಬಹುದಾದ್ದರಿಂದ ಒತ್ತಡ ಪರೀಕ್ಷೆಯಿಂದ ಕಾರಣವನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ನಿಂತ ಬಳಿಕ ಕೂಲೆಂಟ್ ಎಣ್ಣೆಯೊಳಗೆ ನುಸುಳುವ ಸಾಧ್ಯತೆಯೂ ಇದ್ದು, ಅಂತಹ ವಾಹನವನ್ನು ಓಡಿಸಿದರೆ ಎಂಜಿನ್ ಹಾಳಾಗಬಹುದು.

ಬದಲಾಯಿಸುವ ವಿಧಾನ

ಎಂಜಿನ್ ಪೂರ್ತಿ ತಣಿದ ನಂತರವೇ ಕೂಲೆಂಟ್ ಮತ್ತು ಎಣ್ಣೆಯನ್ನು ಹೊರತೆಗೆಯಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಚಿಮ್ಮುತ್ತದೆ. ಹಳೆಯ ಕೂಲರನ್ನು ಬಿಚ್ಚಿ, ಜೋಡಣೆಯ ಮೇಲ್ಮೈಯನ್ನು ಶುಚಿಗೊಳಿಸಿ, ಹೊಸ ಗ್ಯಾಸ್ಕೆಟ್ ಸಹಿತ ಹೊಸದನ್ನು ಕೂರಿಸಲಾಗುತ್ತದೆ. ಬೋಲ್ಟುಗಳನ್ನು ತಯಾರಕರು ಸೂಚಿಸಿದ ಬಲದಷ್ಟೇ ಬಿಗಿಯಬೇಕು. ಜಿಡ್ಡು ಹೋಗುವವರೆಗೆ ತಂಪುಗೊಳಿಸುವ ವ್ಯವಸ್ಥೆಯನ್ನು ತೊಳೆದು, ಹೊಸ ಫಿಲ್ಟರ್, ಎಣ್ಣೆ ಹಾಗೂ ಕೂಲೆಂಟ್ ತುಂಬಿ ಸೋರಿಕೆಯನ್ನು ಪರಿಶೀಲಿಸಲಾಗುತ್ತದೆ. ಬಳಸಿದ ಎಣ್ಣೆಯು ಮಣ್ಣು ಮತ್ತು ಅಂತರ್ಜಲವನ್ನು ಕೆಡಿಸುವುದರಿಂದ ಅದನ್ನು ನೆಲಕ್ಕೆ ಚೆಲ್ಲಬಾರದು.